ತತ್ವಪದಗಳ ಅರ್ಥವಿವರಣೆ

ತತ್ವಪದಗಳ ಅರ್ಥವಿವರಣೆ ಎಂದರೆ ಅನುಭಾವಿಗಳು ಕಟ್ಟಿದ ಹಾಡುಗಳ ಮೇಲ್ಮಾತಿನ ಹಿಂದಿರುವ ಒಳಾರ್ಥವನ್ನು ಪ್ರತಿಮೆ, ಸಂಖ್ಯೆ, ಪರಿಭಾಷೆ, ಅಂಕಿತ ಮತ್ತು ಹಾಡುವ ಸಂದರ್ಭಗಳ ಆಧಾರದಿಂದ ಬಿಡಿಸಿ ಹೇಳುವ ಪರಂಪರೆ. ಇದು ಬಹುಮಟ್ಟಿಗೆ ಬಾಯಿಮಾತಿನಲ್ಲಿ ಉಳಿದುಬಂದ ವಿದ್ಯೆ. ಭಜನೆಯಲ್ಲಿ, ಪ್ರವಚನದಲ್ಲಿ, ಗುರುಶಿಷ್ಯರ ಮಾತಿನಲ್ಲಿ, ಮೇಳಗಳ ಸವಾಲ್‌–ಜವಾಬಿನಲ್ಲಿ ಅದು ನಡೆಯುತ್ತದೆ. ಉತ್ತರ ಕರ್ನಾಟಕ, ಅದರಲ್ಲೂ ಕಲ್ಯಾಣ ಕರ್ನಾಟಕ, ಇದರ ಮುಖ್ಯ ನೆಲೆ. ಕನ್ನಡ, ಮರಾಠಿ, ದಖನಿ ಉರ್ದು ಕೂಡುವ ಮರಾಠವಾಡದ ಗಡಿಸೀಮೆಯಲ್ಲಿ ಇದರ ನೆರೆಯ ರೂಪಗಳೂ ಬೆಳೆದಿವೆ.

ಪ್ರದೇಶ

ಇಲ್ಲಿ ಗಡಿಸೀಮೆ ಎಂದು ಕರೆದಿರುವುದು ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ಉಮರ್ಗಾ, ಲಾತೂರ ಜಿಲ್ಲೆಯ ನಿಲಂಗಾ ಮತ್ತು ಉದಗೀರ ಹಾಗೂ ಅವುಗಳಿಗೆ ತಾಗಿದ ಕರ್ನಾಟಕದ ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದ ಭಾಗಗಳನ್ನು. ಇವೆಲ್ಲ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದಿನ ನಿಜಾಮ ಸಂಸ್ಥಾನದಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆ ಒಡೆಯಿತು. ನಿಲಂಗಾ, ಉದಗೀರ, ಅಹ್ಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಬೀದರ, ಭಾಲ್ಕಿ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು. ಆಡಳಿತದ ಗೆರೆ ಬಿದ್ದ ಮೇಲೂ ಮದುವೆ ಸಂಬಂಧ, ಸಂತೆ, ಜಾತ್ರೆ, ಉರುಸುಗಳ ಓಡಾಟ ನಿಂತಿಲ್ಲ. ಹಿಂದೆ ಉಮರ್ಗಾ ತಾಲ್ಲೂಕಿನಲ್ಲಿದ್ದು ಈಗ ಲೋಹಾರಾ ತಾಲ್ಲೂಕಿಗೆ ಸೇರಿರುವ ಸಾಸ್ತೂರ ಈ ಸೀಮೆಯ ಊರುಗಳಲ್ಲಿ ಒಂದು. ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಇಲ್ಲಿಗೆ ದೂರವಲ್ಲ.

ಪರಿಭಾಷೆ

ತತ್ವಪದ: ಗುರು, ದೇಹ, ಮನಸ್ಸು, ಮಾಯೆ, ಮುಕ್ತಿ ಮೊದಲಾದ ವಿಷಯಗಳನ್ನು ಆಡುಮಾತಿನಲ್ಲಿ ಹೇಳುವ ಹಾಡು. ಅನುಭಾವ ಪದ, ಭಜನೆ ಪದ ಎಂಬ ಹೆಸರುಗಳೂ ರೂಢಿಯಲ್ಲಿವೆ.

ಸ್ವರವಚನ: ಶರಣರು ಮತ್ತು ಅವರ ನಂತರದ ವೀರಶೈವ ಕವಿಗಳು ಪಲ್ಲವಿ–ನುಡಿಗಳ ಕಟ್ಟಿನಲ್ಲಿ ರಚಿಸಿದ, ಹಾಡಲು ಬರುವ ವಚನ. ತತ್ವಪದದ ಹಿಂದಿನ ರೂಪಗಳಲ್ಲಿ ಇದು ಮುಖ್ಯವಾದುದು.

ಬೆಡಗು: ಅರ್ಥವನ್ನು ಬೇಕೆಂದೇ ಮರೆಮಾಡಿ ಹೇಳುವ ಮಾತಿನ ರೀತಿ. ಅಂಥ ವಚನವು ಬೆಡಗಿನ ವಚನ.

ಮುಂಡಿಗೆ: ಹರಿದಾಸ ಸಾಹಿತ್ಯದ ಒಗಟಿನ ಹಾಡು. ಕನಕದಾಸರ ಮುಂಡಿಗೆಗಳು ಹೆಸರಾದವು.

ಟೀಕೆ ಅಥವಾ ಟೀಕು: ಬೆಡಗಿನ ಮಾತುಗಳಿಗೆ ಬರಹದಲ್ಲಿ ಕೊಟ್ಟ ಅರ್ಥ.

ಅಂಕಿತ: ಹಾಡಿನ ಕೊನೆಯ ನುಡಿಯಲ್ಲಿ ಬರುವ ಕವಿಯ ಗುರುತು, ಸಾಮಾನ್ಯವಾಗಿ ಇಷ್ಟದೈವದ ಅಥವಾ ಗುರುವಿನ ಹೆಸರು.

ಗುರುಮುಖ: ಒಳಾರ್ಥವನ್ನು ಪುಸ್ತಕದಿಂದಲ್ಲದೆ ಗುರುವಿನ ಬಾಯಿಂದಲೇ ಪಡೆಯುವ ಕ್ರಮ.

ಮೂಲ ಮತ್ತು ಬೆಳವಣಿಗೆ

ಮುಚ್ಚಿಟ್ಟು ಹೇಳುವ ಹಾಡಿನ ಭಾಷೆ ಭಾರತದಲ್ಲಿ ಹಳೆಯದು. ಬೌದ್ಧ ಸಿದ್ಧರ ಚರ್ಯಾಪದಗಳ ಮಾತನ್ನು ಸಂಧ್ಯಾಭಾಷೆ ಎಂದು ಕರೆಯುತ್ತಾರೆ. ಅವುಗಳ ಹಸ್ತಪ್ರತಿಯನ್ನು ಹರಪ್ರಸಾದ ಶಾಸ್ತ್ರಿಗಳು 1907ರಲ್ಲಿ ನೇಪಾಳದಲ್ಲಿ ಕಂಡು, 1916ರಲ್ಲಿ ಪ್ರಕಟಿಸಿದರು. ನಾಥಪಂಥದವರಲ್ಲಿ, ಕಬೀರರ ತಲೆಕೆಳಗಾದ ಮಾತುಗಳಲ್ಲಿ, ಬಂಗಾಳದ ಬಾವುಲರ ಹಾಡುಗಳಲ್ಲಿ ಇದೇ ರೀತಿ ಕಾಣುತ್ತದೆ.

ಕನ್ನಡದಲ್ಲಿ ಇದರ ಮೊದಲ ದೊಡ್ಡ ಘಟ್ಟ ಹನ್ನೆರಡನೆಯ ಶತಮಾನದ ಬೆಡಗಿನ ವಚನಗಳು. ಅವುಗಳಲ್ಲಿ ಅಲ್ಲಮಪ್ರಭುವಿನವು ಹೆಚ್ಚು ಗಹನವಾದವು. ಬೆಡಗಿನ ವಚನ ಹುಟ್ಟಿದಂತೆ ಅದನ್ನು ಬಿಡಿಸುವ ಕೆಲಸವೂ ಹುಟ್ಟಿತು. ಚೆನ್ನಬಸವಣ್ಣನ ಹೆಸರಿನಲ್ಲಿರುವ ‘ಕರಣಹಸಿಗೆ’ ದೇಹ ಮತ್ತು ಇಂದ್ರಿಯಗಳ ತತ್ವಗಳನ್ನು ವಿಂಗಡಿಸಿ ಎಣಿಸಿ ಹೇಳುವುದರಿಂದ ಮುಂದಿನವರಿಗೆ ಅರ್ಥದ ಕೋಷ್ಟಕವಾಗಿ ಒದಗಿತು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ‘ಶೂನ್ಯಸಂಪಾದನೆ’ಯಲ್ಲಿ ವಚನಗಳನ್ನು ಶರಣರ ಸಂವಾದದ ಸಂದರ್ಭಗಳಲ್ಲಿಟ್ಟು ಜೋಡಿಸಿದನು. ವಚನಕ್ಕೆ ಸಂದರ್ಭವನ್ನು ಕಟ್ಟಿಕೊಡುವುದೇ ಅಲ್ಲಿ ಅರ್ಥ ಹೇಳುವ ಬಗೆಯಾಯಿತು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣಾರ್ಯರು ಅದನ್ನು ಮತ್ತೆ ಪರಿಷ್ಕರಿಸಿದರು. ಬೆಡಗಿನ ವಚನಗಳಿಗೆ ಪ್ರತ್ಯೇಕ ಟೀಕೆಗಳೂ ಬಂದವು.

ನಂತರದ ಘಟ್ಟ ಹಾಡುಗಳದು. ನಿಜಗುಣ ಶಿವಯೋಗಿಗಳ ‘ಕೈವಲ್ಯ ಪದ್ಧತಿ’, ಮುಪ್ಪಿನ ಷಡಕ್ಷರಿಯ ‘ಸುಬೋಧಸಾರ’, ಸರ್ಪಭೂಷಣ ಶಿವಯೋಗಿಗಳ ‘ಕೈವಲ್ಯ ಕಲ್ಪವಲ್ಲರಿ’ ವೇದಾಂತ ಮತ್ತು ಶಿವಯೋಗದ ವಿಚಾರಗಳನ್ನು ರಾಗತಾಳಕ್ಕೆ ಒಗ್ಗಿಸಿದವು. ನಿಜಗುಣರ ‘ವಿವೇಕ ಚಿಂತಾಮಣಿ’ ಶಾಸ್ತ್ರಗಳ ಪದಗಳನ್ನೆಲ್ಲ ವಿಷಯವಾರು ಒಂದೆಡೆ ಕೂಡಿಸಿದ ಕೋಶ. ಅದು ಶಾಂತಲಿಂಗ ಸ್ವಾಮಿಯಿಂದ ಮರಾಠಿಗೂ ಬಂದುದರಿಂದ ಗಡಿಯ ಎರಡೂ ಭಾಷೆಗಳ ವೀರಶೈವರಿಗೆ ಒಂದೇ ಪರಿಭಾಷೆ ಸಿಕ್ಕಿತು.

ಹದಿನೆಂಟು–ಹತ್ತೊಂಬತ್ತನೆಯ ಶತಮಾನಗಳಲ್ಲಿ ತತ್ವಪದ ಮಠದ ಅಂಗಳ ದಾಟಿ ಹಳ್ಳಿಯ ಕಟ್ಟೆಗೆ ಬಂತು. ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪನವರು ಈ ಕಾಲದ ಪ್ರಮುಖರು. ಅವರ ಶಿಷ್ಯಬಳಗದಲ್ಲಿ ಚೆನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ, ಕಡ್ಲೇವಾಡ ಸಿದ್ಧಪ್ಪ ಮೊದಲಾದವರಿದ್ದರು. ಜಾತಿ, ಧರ್ಮಗಳ ಭೇದ ಮೀರಿ ಗುರುವನ್ನು ಆಯ್ದುಕೊಳ್ಳುವ ಪದ್ಧತಿ ಈ ಬಳಗದಲ್ಲೇ ಕಾಣುತ್ತದೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಶರೀಫರು (1819–1889) ಕಳಸದ ಗೋವಿಂದ ಭಟ್ಟರ ಶಿಷ್ಯರಾಗಿ ರಚಿಸಿದ ಪದಗಳು ಇಂದು ಕನ್ನಡದಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಚಾರದಲ್ಲಿರುವ ತತ್ವಪದಗಳು. ಹುಮನಾಬಾದ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳು (1817–1865) ಮರಾಠಿ, ಕನ್ನಡ, ಹಿಂದಿ ಮೊದಲಾದ ಹಲವು ಭಾಷೆಗಳಲ್ಲಿ ಪದ ರಚಿಸಿ, ಎಲ್ಲ ಮತಗಳನ್ನೂ ಒಪ್ಪುವ ಸಕಲಮತ ಸಂಪ್ರದಾಯವನ್ನು ನಿಲ್ಲಿಸಿದರು.

ಪದದ ರಚನೆ

ತತ್ವಪದಕ್ಕೆ ಸಾಮಾನ್ಯವಾಗಿ ಪಲ್ಲವಿ, ಕೆಲವೊಮ್ಮೆ ಅನುಪಲ್ಲವಿ, ಅನಂತರ ಮೂರರಿಂದ ಐದು ನುಡಿಗಳು ಇರುತ್ತವೆ. ಪಲ್ಲವಿ ಒಂದು ಚಿತ್ರವನ್ನೋ ಕರೆಯನ್ನೋ ಮುಂದಿಡುತ್ತದೆ. ನುಡಿಗಳು ಆ ಚಿತ್ರವನ್ನು ಬೆಳೆಸುತ್ತವೆ, ಇಲ್ಲವೆ ಅದೇ ಬಗೆಯ ಬೇರೆ ಚಿತ್ರಗಳನ್ನು ಸಾಲಾಗಿ ತರುತ್ತವೆ. ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ಶರೀಫರ ಪದಗಳಲ್ಲಿ ಶಿಶುನಾಳಧೀಶ, ಮಡಿವಾಳಪ್ಪನವರ ಪದಗಳಲ್ಲಿ ಮಹಾಂತನ ಹೆಸರು ಬರುವುದು ರೂಢಿ.

ಅರ್ಥವಿವರಣೆಗೆ ಕೊನೆಯ ನುಡಿ ಬಹಳ ಮುಖ್ಯ. ಮೊದಲ ನುಡಿಗಳಲ್ಲಿ ಒಗಟಾಗಿ ನಿಂತ ಮಾತು ಅಲ್ಲಿ ಗುರು, ಆತ್ಮ, ದೇಹ ಎಂಬಂಥ ನೇರ ಪದಗಳೊಡನೆ ಸೇರುತ್ತದೆ. ಹಾಡನ್ನು ಅರ್ಧಕ್ಕೆ ನಿಲ್ಲಿಸಿದರೆ ಒಗಟು ಉಳಿಯುತ್ತದೆ, ಉತ್ತರ ಕಾಣೆಯಾಗುತ್ತದೆ. ಅದಕ್ಕೆಂದೇ ಭಜನೆಯಲ್ಲಿ ಅಂಕಿತದ ನುಡಿಯನ್ನು ಬಿಟ್ಟು ಪದ ಮುಗಿಸುವುದಿಲ್ಲ.

ಅರ್ಥ ಬಿಡಿಸುವ ಸಾಧನಗಳು

ಸಂಖ್ಯೆ: ಹಾಡಿನಲ್ಲಿ ಬರುವ ಎಣಿಕೆ ಬಹುಪಾಲು ಸಂಕೇತವಾಗಿರುತ್ತದೆ. ಮೂರು ಎಂದರೆ ಸತ್ವ, ರಜ, ತಮ ಎಂಬ ಗುಣಗಳು, ಇಲ್ಲವೆ ಆಣವ, ಮಾಯಾ, ಕಾರ್ಮಿಕ ಎಂಬ ಮಲಗಳು. ಐದು ಇಂದ್ರಿಯ ಅಥವಾ ಭೂತ, ಆರು ಅರಿಷಡ್ವರ್ಗ, ಆರು ಚಕ್ರ ಅಥವಾ ಷಟ್‌ಸ್ಥಲ, ಎಂಟು ಅಷ್ಟಮದ ಅಥವಾ ಅಷ್ಟಾವರಣ, ಒಂಬತ್ತು ದೇಹದ ಬಾಗಿಲುಗಳು, ಹತ್ತು ವಾಯುಗಳು. ಇಪ್ಪತ್ತೈದು ಮತ್ತು ಮೂವತ್ತಾರು ತತ್ವಗಳ ಎಣಿಕೆಗಳು. ನೂರೊಂದು ಸ್ಥಲಗಳ ಎಣಿಕೆ. ಇಪ್ಪತ್ತೊಂದು ಸಾವಿರದ ಆರುನೂರು ಎಂದರೆ ದಿನವೊಂದರ ಉಸಿರಾಟ: ನಿಮಿಷಕ್ಕೆ 15ರಂತೆ 24 ಗಂಟೆಗೆ 21,600. ಒಂದೇ ಸಂಖ್ಯೆಗೆ ಎರಡು ಮೂರು ಅರ್ಥ ಸಾಧ್ಯವಿರುವಾಗ ಅಕ್ಕಪಕ್ಕದ ಪದಗಳೇ ನಿರ್ಣಾಯಕ. ಆರರ ಜೊತೆ ಕಳ್ಳರು, ಶತ್ರುಗಳು ಬಂದರೆ ಅರಿಷಡ್ವರ್ಗ. ಮೆಟ್ಟಿಲು, ನೆಲೆ ಬಂದರೆ ಚಕ್ರ ಅಥವಾ ಸ್ಥಲ.

ವಸ್ತು: ಮನೆ, ಹೊಲ, ಬಂಡಿ, ಮಗ್ಗ, ಬೀಸುಕಲ್ಲು, ಬಾವಿ, ಕೊಡ ಮೊದಲಾದ ಬಳಕೆಯ ವಸ್ತುಗಳು ದೇಹಕ್ಕೆ ಅಥವಾ ಸಾಧನೆಗೆ ಸಂಕೇತವಾಗುತ್ತವೆ. ಬಿತ್ತನೆಯ ಹಾಡಿನಲ್ಲಿ ಹೊಲ ದೇಹ, ಬೀಜ ಗುರುವಿನ ಉಪದೇಶ, ಕಳೆ ದುರ್ಗುಣ ಆಗುವುದು ಸಾಮಾನ್ಯ. ವಸ್ತುವಿನ ಯಾವ ಭಾಗ ಏನು ಕೆಲಸ ಮಾಡುತ್ತದೆಂದು ತಿಳಿದವರಿಗೆ ಮಾತ್ರ ಅರ್ಥ ಪೂರ್ತಿಯಾಗಿ ತೆರೆಯುತ್ತದೆ.

ಪ್ರಾಣಿ: ಮಂಗ ಚಂಚಲ ಮನಸ್ಸಿಗೆ, ಆನೆ ಮದಕ್ಕೆ, ಹಾವು ಕುಂಡಲಿನಿಗೆ ಅಥವಾ ವಿಷಯವಾಸನೆಗೆ, ಹಂಸ ಜೀವಾತ್ಮಕ್ಕೆ ನಿಲ್ಲುತ್ತವೆ.

ನಂಟು: ಅತ್ತೆ, ಸೊಸೆ, ಗಂಡ, ತವರು, ಸವತಿ ಮೊದಲಾದ ಸಂಬಂಧಗಳು ಮಾಯೆ, ಜೀವ, ಶಿವ, ಮೂಲಸ್ಥಾನಗಳನ್ನು ಸೂಚಿಸುತ್ತವೆ. ಗಂಡಸು ಹಾಡಿದರೂ ಹಾಡಿನ ದನಿ ಹೆಣ್ಣಿನದಾಗಿರುವುದು ಇಲ್ಲಿ ಅಪರೂಪವಲ್ಲ.

ತಿರುವುಮುರುವು: ಚಿಕ್ಕದು ದೊಡ್ಡದನ್ನು ನುಂಗುವುದು, ಸತ್ತದ್ದು ಎದ್ದು ನಡೆಯುವುದು, ಬೇರು ಮೇಲಾಗಿ ಕೊಂಬೆ ಕೆಳಗಾಗುವುದು. ಲೋಕದ ಕ್ರಮ ಮುರಿದ ಕಡೆ ಅನುಭಾವದ ಕ್ರಮ ಆರಂಭವಾಗುತ್ತದೆ ಎಂಬುದು ಇಂಥ ಮಾತುಗಳನ್ನು ಓದುವ ಸೂತ್ರ.

ಅರ್ಥದ ಮಟ್ಟಗಳು

ಸಾಂಪ್ರದಾಯಿಕ ವಿವರಣೆಯಲ್ಲಿ ಮೂರು ಮಟ್ಟಗಳಿವೆ. ಮೊದಲನೆಯದು ವಾಚ್ಯಾರ್ಥ: ಹಾಡು ಮೇಲ್ನೋಟಕ್ಕೆ ಹೇಳುವ ಸಂಗತಿ. ಎರಡನೆಯದು ನೀತ್ಯರ್ಥ: ನಡತೆಗೆ, ಲೋಕವ್ಯವಹಾರಕ್ಕೆ ಅನ್ವಯಿಸುವ ಬುದ್ಧಿಮಾತು. ಮೂರನೆಯದು ಗೂಢಾರ್ಥ: ಯೋಗ, ಷಟ್‌ಸ್ಥಲ, ಅದ್ವೈತ ಅಥವಾ ಸೂಫಿ ಸಾಧನೆಗೆ ಸಂಬಂಧಿಸಿದ್ದು. ಬಯಲಲ್ಲಿ ಕೂಡಿದ ಸಭೆಗೆ ಮೊದಲೆರಡನ್ನು ಹೇಳಿ, ಮೂರನೆಯದನ್ನು ದೀಕ್ಷೆ ಪಡೆದವರಿಗೆ ಗುರುಮುಖದಿಂದ ಹೇಳುವ ವಾಡಿಕೆ ಹಲವು ಗುರುಪರಂಪರೆಗಳಲ್ಲಿದೆ. ಆಧುನಿಕ ಅಧ್ಯಯನ ಇದಕ್ಕೆ ನಾಲ್ಕನೆಯದಾಗಿ ಸಾಮಾಜಿಕ ಅರ್ಥವನ್ನು ಸೇರಿಸಿದೆ: ಜಾತಿ, ಮಡಿ, ಡಾಂಭಿಕತೆ, ದರ್ಪಗಳನ್ನು ಹಾಡು ಹೇಗೆ ಎದುರಿಸುತ್ತದೆ ಎಂಬ ಓದು.

ಮೂರು ನಿದರ್ಶನಗಳು

ಶರೀಫರ ‘ಕೋಡಗನ ಕೋಳಿ’ ಪದ ತಿರುವುಮುರುವು ಬಗೆಯದು. ಕೋಳಿ ಮಂಗನನ್ನೂ ಆಡು ಆನೆಯನ್ನೂ ನುಂಗುವಂಥ ಜೋಡಿಗಳು ಅದರಲ್ಲಿ ಸಾಲಾಗಿ ಬರುತ್ತವೆ. ಪ್ರಾಣಿಗಳ ಜೊತೆಗೆ ಮನೆಯ ಗೋಡೆ, ಅದಕ್ಕೆ ಹಚ್ಚಿದ ಸುಣ್ಣ, ಕುಣಿಯುವವಳು, ಬಾರಿಸುವ ಮದ್ದಲೆ ಮೊದಲಾದವೂ ಇದೇ ನುಂಗುವಾಟದಲ್ಲಿ ಸೇರುತ್ತವೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿ ಜೋಡಿಗೂ ಬೇರೆ ಅರ್ಥ ಹೇಳಲು ಬರುತ್ತದೆ: ಮಂಗ ಮನಸ್ಸಾದರೆ ಕೋಳಿ ಎಚ್ಚರದ ಅರಿವು, ಆನೆ ಮದವಾದರೆ ಆಡು ವಿನಯ. ಆದರೆ ಕೊನೆಯ ನುಡಿಯಲ್ಲಿ ಗುರು ಗೋವಿಂದರ ಪಾದವು ಆತ್ಮವನ್ನು ನುಂಗುತ್ತದೆ. ಅಲ್ಲಿಗೆ ನುಂಗುವುದು ಎಂಬ ಕ್ರಿಯೆ ನಾಶವನ್ನಲ್ಲ, ಒಂದಾಗುವುದನ್ನು ಸೂಚಿಸುತ್ತದೆ ಎಂಬುದು ಸ್ಪಷ್ಟವಾಗಿ, ಹಿಂದಿನ ಜೋಡಿಗಳೆಲ್ಲ ಅದೇ ಕ್ರಿಯೆಯ ಮಾದರಿಗಳಾಗಿ ಕಾಣುತ್ತವೆ. ಬಿಡಿ ಸಂಕೇತಗಳಲ್ಲಿ ಮತಭೇದ ಬಂದರೂ ಒಟ್ಟು ಅರ್ಥದಲ್ಲಿ ಬಾರದಿರುವುದಕ್ಕೆ ಈ ಕೊನೆಯ ನುಡಿಯೇ ಕಾರಣ.

ಸೋರುವ ‘ಮನೆಯ ಮಾಳಿಗೆ’ಯ ಪದ ವಸ್ತುಸಂಕೇತದ ಬಗೆಯದು. ಸೋರುವುದಕ್ಕೆ ಅಜ್ಞಾನವೇ ಕಾರಣವೆಂದು ಹಾಡು ತಾನೇ ಹೇಳುವುದರಿಂದ ಮನೆ ದೇಹ ಅಥವಾ ಬದುಕು ಎಂಬುದು ಬೇಗ ತಿಳಿಯುತ್ತದೆ. ತೊಲೆ, ಜಂತೆ, ಮಣ್ಣಿನ ಹೊದಿಕೆಗಳ ಮಾಳಿಗೆ ಹೇಗಿರುತ್ತದೆಂದು ಬಲ್ಲವರಿಗೆ ಹಾಡಿನ ಒಳವಿವರ ಇನ್ನೂ ತೆರೆಯುತ್ತದೆ. ಅಂಥ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ತುಳಿದು, ಬಿರುಕು ಮುಚ್ಚಿ, ನೀರು ಹರಿಯಲು ಇಳಿಜಾರು ಕೊಡಬೇಕು. ಒಂದು ವರ್ಷ ಬಿಟ್ಟರೆ ನೀರು ಇಳಿದು ತೊಲೆ ಕೊಳೆಯುತ್ತದೆ. ದೇಹಮನಸ್ಸುಗಳನ್ನೂ ಕಾಲಕಾಲಕ್ಕೆ ನೋಡಿಕೊಳ್ಳಬೇಕೆಂಬ ಅರ್ಥ ಈ ಕೆಲಸದಿಂದಲೇ ಹೊರಡುತ್ತದೆ.

‘ಗುಡುಗುಡಿ’ಯ ಪದದಲ್ಲಿ ಮನಸ್ಸು ಸಂಚಿಯಾಗಿ, ಮೋಹವು ಅದರೊಳಗಿನ ಸೇದುವ ಸರಕಾಗಿ ಬರುತ್ತದೆ. ವಾಚ್ಯಾರ್ಥದಲ್ಲಿ ನಶೆಗೆ ಕರೆಯಂತೆ ಕೇಳಿಸುವ ಹಾಡು ಗೂಢಾರ್ಥದಲ್ಲಿ ಮೋಹವನ್ನು ಸುಡುವ ಸಾಧನೆಗೆ ಕರೆ. ಪಲ್ಲವಿಯನ್ನಷ್ಟೇ ಹಿಡಿದು ಅರ್ಥ ಮಾಡಿದರೆ ಎಷ್ಟು ದಾರಿ ತಪ್ಪಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಅರ್ಥ ಹೇಳುವ ಸಂದರ್ಭಗಳು

ಭಜನೆ: ಅಮಾವಾಸ್ಯೆ, ಸೋಮವಾರ, ಶ್ರಾವಣ ಮಾಸ, ಜಾತ್ರೆ, ಗುರುವಿನ ಪುಣ್ಯತಿಥಿ ಮತ್ತು ಸಾವಿನ ಮನೆಯ ಜಾಗರಣೆಗಳಲ್ಲಿ ಭಜನೆ ನಡೆಯುತ್ತದೆ. ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ, ತಬಲಾ ಬಳಕೆಯ ವಾದ್ಯಗಳು. ಮುಂದಾಳು ನುಡಿ ಎತ್ತಿಕೊಡುತ್ತಾನೆ, ಹಿಮ್ಮೇಳ ದನಿಗೂಡಿಸುತ್ತದೆ. ಎರಡು ಪದಗಳ ನಡುವೆ ಹಿರಿಯರು ಅರ್ಥ ಹೇಳುತ್ತಾರೆ. ಒಂದು ಪದದ ಅರ್ಥಕ್ಕೆ ಇನ್ನೊಂದು ಪದ ಹಾಡಿಯೇ ಉತ್ತರ ಕೊಡುವುದೂ ಉಂಟು.

ಪ್ರವಚನ: ಮಠಗಳಲ್ಲಿ ಶ್ರಾವಣದ ಪುರಾಣ–ಪ್ರವಚನದ ವೇಳೆ ಒಂದು ಪದ ಅಥವಾ ವಚನವನ್ನು ಎತ್ತಿಕೊಂಡು ಮಾತು ಮಾತಿಗೂ ಅರ್ಥ ಬಿಡಿಸುತ್ತಾರೆ. ಗವಾಯಿಗಳು ಹಾಡುವುದು, ಪ್ರವಚನಕಾರರು ವಿವರಿಸುವುದು ಇಲ್ಲಿಯ ಕ್ರಮ.

ಸವಾಲ್‌–ಜವಾಬ್‌: ಗೀಗೀ ಮತ್ತು ಲಾವಣಿ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳಿವೆ. ಹರದೇಶಿ ಪುರುಷ ಅಥವಾ ಶಿವತತ್ವವನ್ನು, ನಾಗೇಶಿ ಸ್ತ್ರೀ ಅಥವಾ ಶಕ್ತಿತತ್ವವನ್ನು ಹೆಚ್ಚೆಂದು ಹಾಡುತ್ತದೆ. ಒಂದು ಮೇಳ ಒಗಟಿನ ಪದ ಹಾಡಿ ಸವಾಲು ಹಾಕಿದರೆ ಇನ್ನೊಂದು ಹಾಡಿನಲ್ಲೇ ಅರ್ಥ ಬಿಡಿಸಿ ಮರುಸವಾಲು ಹಾಕಬೇಕು. ಮರಾಠಿ ಶಾಹೀರರ ತುರಾ–ಕಲ್ಗಿ ಪಕ್ಷಗಳು ಇದಕ್ಕೆ ಸಮಾನವಾದವು. ಅರ್ಥ ಹೇಳಲಾಗದ ಮೇಳ ಸೋತಂತೆ ಎಂಬ ನಿಯಮದಿಂದಾಗಿ ಒಗಟು ಮತ್ತು ಉತ್ತರ ಎರಡನ್ನೂ ನೆನಪಿಟ್ಟುಕೊಳ್ಳುವ ಶಿಸ್ತು ಬೆಳೆಯಿತು.

ನೆರೆಯ ಪರಂಪರೆಗಳು

ಮರಾಠಿ: ಪೈಠಣದ ಏಕನಾಥರು (1533–1599) ಬರೆದ ಭಾರುಡಗಳು ತತ್ವಪದಕ್ಕೆ ಅತಿ ಹತ್ತಿರದ ರೂಪ. ಬೀದಿಯ ಕಸುಬಿನವರು, ಭವಿಷ್ಯ ಹೇಳುವವರು, ಗೋಂಧಳಿಗಳು, ಚೇಳು ಕಡಿಸಿಕೊಂಡವರು ಇವುಗಳ ಪಾತ್ರಗಳು. ಚೇಳಿನ ಭಾರುಡದಲ್ಲಿ ಕಡಿಯುವ ಚೇಳು ಕಾಮಕ್ರೋಧ. ವಿಷ ಇಳಿಸುವ ಮದ್ದು ಸತ್ವಗುಣ. ವಾರಕರಿ ಕೀರ್ತನೆಯಲ್ಲಿ ಕೀರ್ತನಕಾರ ಒಂದೇ ಅಭಂಗವನ್ನು ಆಯ್ದು ಚರಣ ಚರಣಕ್ಕೂ ನಿರೂಪಣೆ ಮಾಡುತ್ತಾನೆ. ಮರಾಠವಾಡದ ಹಳ್ಳಿಗಳಲ್ಲಿ ನಡೆಯುವ ಹರಿನಾಮ ಸಪ್ತಾಹಗಳು ಇದರ ಮುಖ್ಯ ವೇದಿಕೆ. ಕಪಿಲಧಾರದ ಮನ್ಮಥ ಸ್ವಾಮಿಗಳ ಅಭಂಗಗಳು ಮರಾಠಿ ಮಾತನಾಡುವ ಲಿಂಗಾಯತರಲ್ಲಿ ಹೀಗೆಯೇ ಬಳಕೆಯಲ್ಲಿವೆ. ಜ್ಞಾನೇಶ್ವರರ ಹೆಸರಿನ ಅಭಂಗವೊಂದರಲ್ಲಿ ಪಂಢರಪುರದ ವಿಠ್ಠಲನನ್ನು ಕನ್ನಡಿಗ ಮತ್ತು ಕರ್ನಾಟಕದವ ಎಂಬರ್ಥದ ಮಾತುಗಳಿಂದ ಕರೆದಿದೆ. ಇದನ್ನು ಕೆಲವರು ನೇರವಾಗಿ ದೇವರ ನಾಡಿಗೆ, ಕೆಲವರು ತಿಳಿಯಲಾಗದವನು ಎಂಬ ಗೂಢಾರ್ಥಕ್ಕೆ ಹಚ್ಚುತ್ತಾರೆ. ವಿಠ್ಠಲನ ಕನ್ನಡ ಹಿನ್ನೆಲೆಯನ್ನು ರಾ.ಚಿಂ. ಢೇರೆ ಅವರು 1984ರ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ.

ದಖನಿ: ವಿಜಯಪುರದ ಸೂಫಿ ಪರಂಪರೆಯಲ್ಲಿ ಹೆಂಗಸರು ಬೀಸುವಾಗ ಹಾಡುವ ಚಕ್ಕೀನಾಮಾ, ನೂಲುವಾಗ ಹಾಡುವ ಚರಖಾನಾಮಾ ಬೆಳೆದವು. ಬೀಸುಕಲ್ಲಿನ ನೆಟ್ಟನೆಯ ಗೂಟವನ್ನು ಅಲಿಫ್‌ ಅಕ್ಷರಕ್ಕೆ, ಅಂದರೆ ಅಲ್ಲಾಹನಿಗೆ ಸಮೀಕರಿಸುವುದು ಇವುಗಳ ಸಂಕೇತಕ್ರಮ. ಇವುಗಳನ್ನು ರಿಚರ್ಡ್‌ ಈಟನ್‌ 1978ರ ತಮ್ಮ ‘ಸೂಫೀಸ್‌ ಆಫ್‌ ಬಿಜಾಪುರ್‌’ ಗ್ರಂಥದಲ್ಲಿ ಅಭ್ಯಾಸ ಮಾಡಿದ್ದಾರೆ. ಮೊಹರಂ ಹಬ್ಬದಲ್ಲಿ ಹಾಡುವ ಕನ್ನಡ ರಿವಾಯತ್‌ ಪದಗಳು ಕರ್ಬಲಾದ ಕಥೆಯನ್ನು ಹೇಳುತ್ತಲೇ ತತ್ವದ ಮಾತಿಗೆ ಹೊರಳುತ್ತವೆ.

ಅರ್ಥಭೇದಕ್ಕೆ ಕಾರಣಗಳು

ಒಂದೇ ಪದಕ್ಕೆ ಬೇರೆ ಬೇರೆ ಅರ್ಥಗಳು ಬರಲು ನಾಲ್ಕು ಕಾರಣಗಳನ್ನು ಗುರುತಿಸಬಹುದು. ಒಂದು, ಪಾಠಾಂತರ: ಬಾಯಿಂದ ಬಾಯಿಗೆ ಹೋಗುವಾಗ ಒಂದು ಅಕ್ಷರ ಬದಲಾದರೂ ಸಂಕೇತ ಬದಲಾಗುತ್ತದೆ. ಎರಡು, ಅಂಕಿತದ ಗೊಂದಲ: ಹಾಡುಗಾರರು ತಮ್ಮ ಗುರುವಿನ ಅಂಕಿತವನ್ನು ಬೇರೆಯವರ ಪದಕ್ಕೆ ಸೇರಿಸಿದಾಗ ಅರ್ಥದ ಚೌಕಟ್ಟೂ ಬದಲಾಗುತ್ತದೆ. ಮೂರು, ಪಂಥಭೇದ: ಷಟ್‌ಸ್ಥಲದ ಓದು, ಅದ್ವೈತದ ಓದು, ಹಠಯೋಗದ ಓದು, ಸೂಫಿ ಓದು ಒಂದೇ ಪ್ರತಿಮೆಯನ್ನು ನಾಲ್ಕು ಕಡೆಗೆ ಒಯ್ಯುತ್ತವೆ. ನಾಲ್ಕು, ಕಾಲಭೇದ: ಹಾಡಿನಲ್ಲಿರುವ ವಸ್ತು ಬಳಕೆ ತಪ್ಪಿದಾಗ ಅದರ ಸಂಕೇತ ಮಸುಕಾಗುತ್ತದೆ.

ಹೀಗಿದ್ದರೂ ಅರ್ಥಕ್ಕೆ ಮೇರೆಯಿದೆ. ಹೇಳಿದ ಅರ್ಥ ಎಲ್ಲ ನುಡಿಗಳಿಗೂ ಒಪ್ಪಬೇಕು. ಅಂಕಿತದ ನುಡಿಗೆ ವಿರುದ್ಧವಾಗಬಾರದು. ಅದೇ ಕವಿಯ ಇತರ ಪದಗಳಲ್ಲಿ ಆ ಸಂಕೇತದ ಬಳಕೆಗೆ ಹೊಂದಬೇಕು. ಈ ಮೂರು ಪರೀಕ್ಷೆಗಳಿಗೆ ನಿಲ್ಲದ ವಿವರಣೆಯನ್ನು ಬಲ್ಲವರು ಒಪ್ಪುವುದಿಲ್ಲ.

ರಾಕ್‌ ಮತ್ತು ಪಾಪ್‌ ಹಾಡುಗಳೊಡನೆ ಹೋಲಿಕೆ

ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ರಾಕ್‌ ಮತ್ತು ಪಾಪ್‌ ಹಾಡುಗಳ ಸುತ್ತಲೂ ಅರ್ಥ ಬಿಡಿಸುವ ದೊಡ್ಡ ಹವ್ಯಾಸ ಬೆಳೆದಿದೆ. ಬೀಟಲ್ಸ್‌ ತಂಡದ 1967ರ ‘ಲೂಸಿ ಇನ್‌ ದ ಸ್ಕೈ ವಿತ್‌ ಡೈಮಂಡ್ಸ್‌’ ಹಾಡಿನ ಶೀರ್ಷಿಕೆಯ ಅಕ್ಷರಗಳಲ್ಲಿ ಎಲ್‌ಎಸ್‌ಡಿ ಎಂಬ ಮಾದಕದ ಹೆಸರನ್ನು ಕೇಳುಗರು ಕಂಡರು. ಮಗ ಜೂಲಿಯನ್‌ ಬರೆದ ಚಿತ್ರದಿಂದ ಆ ಹಾಡು ಹುಟ್ಟಿತೆಂದು ಜಾನ್‌ ಲೆನನ್‌ ಹೇಳಿದರು. ತಾವು ಓದಿದ ಶಾಲೆಯಲ್ಲಿ ಬೀಟಲ್ಸ್‌ ಹಾಡುಗಳ ಅರ್ಥ ಬಿಡಿಸುವ ಪಾಠ ನಡೆಯುತ್ತಿದೆಯೆಂದು ತಿಳಿದು, ಅದೇ ವರ್ಷದ ‘ಐ ಆ್ಯಮ್‌ ದ ವಾಲ್ರಸ್‌’ ಹಾಡನ್ನು ಅವರು ಬೇಕೆಂದೇ ಅರ್ಥಕ್ಕೆ ಸಿಗದಂತೆ ಬರೆದರು. 2016ರಲ್ಲಿ ಬಾಬ್‌ ಡಿಲನ್‌ ಅವರಿಗೆ ಸಾಹಿತ್ಯದ ನೊಬೆಲ್‌ ಬಂದಾಗ ಹಾಡಿನ ಸಾಲುಗಳನ್ನು ಕಾವ್ಯವಾಗಿ ಓದುವ ಕ್ರಮಕ್ಕೆ ಮನ್ನಣೆ ದೊರೆಯಿತು.

ಎರಡು ಪರಂಪರೆಗಳಿಗೂ ಒಗಟಿನ ಭಾಷೆ, ಗುಂಪಾಗಿ ಕೇಳುವಿಕೆ, ಕೇಳುಗರ ನಡುವಿನ ವಾದ ಸಮಾನ. ವ್ಯತ್ಯಾಸ ಇರುವುದು ಅರ್ಥಕ್ಕೆ ಯಾವುದನ್ನು ಪ್ರಮಾಣವೆಂದು ಒಪ್ಪುತ್ತಾರೆ ಎಂಬುದರಲ್ಲಿ. ರಾಕ್‌ ಹಾಡಿನ ಚರ್ಚೆಯಲ್ಲಿ ಹಾಡು ಬರೆದವನ ಹೇಳಿಕೆ ಮತ್ತು ಅವನ ಬದುಕು ಮುಂದೆ ಬರುತ್ತವೆ. ತತ್ವಪದದಲ್ಲಿ ಕವಿಯ ಸ್ವಂತ ಜೀವನಕ್ಕಿಂತ ಸಂಪ್ರದಾಯದ ಸಂಕೇತಕೋಶ ಮತ್ತು ಗುರುಮುಖ ಮುಖ್ಯವಾಗುತ್ತವೆ.

ಧ್ವನಿಮುದ್ರಣ ಮತ್ತು ಹೊಸ ರೂಪಗಳು

ಕ್ಯಾಸೆಟ್ಟಿನ ಕಾಲದಲ್ಲಿ ತತ್ವಪದ ಭಜನೆಯಿಂದ ಮನೆಮನೆಗೆ ಬಂತು. ಶರೀಫರ ಪದಗಳನ್ನು ಎನ್‌.ಎಸ್‌. ಲಕ್ಷ್ಮೀನಾರಾಯಣ ಭಟ್ಟರು ಓದುಗರಿಗೆ ಪರಿಚಯಿಸಿದರು, ಸಿ. ಅಶ್ವಥ್‌ (1939–2009) ರಾಗ ಹಾಕಿ ಹಾಡಿ ಜನಪ್ರಿಯಗೊಳಿಸಿದರು. ಟಿ.ಎಸ್‌. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ ಚಿತ್ರ 1990ರಲ್ಲಿ ಬಂತು. ಅದರಲ್ಲಿ ಶರೀಫರಾಗಿ ಶ್ರೀಧರ್‌, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ ನಟಿಸಿದರು. ಸಂಗೀತ ಅಶ್ವಥ್‌ ಅವರದು. ಪದಗಳನ್ನು ಕಥೆಯ ಸನ್ನಿವೇಶಗಳಲ್ಲಿಟ್ಟದ್ದರಿಂದ ಚಿತ್ರವೇ ಒಂದು ಬಗೆಯ ಅರ್ಥವಿವರಣೆಯಾಯಿತು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಆಗ ಕೊಡುತ್ತಿದ್ದ ನರ್ಗಿಸ್‌ ದತ್‌ ಪ್ರಶಸ್ತಿ ಅದಕ್ಕೆ ಸಂದಿತು.

2008ರಲ್ಲಿ ಬಂದ ರಘು ದೀಕ್ಷಿತ್‌ ಪ್ರಾಜೆಕ್ಟ್‌ ತಂಡದ ಮೊದಲ ಆಲ್ಬಂನಲ್ಲಿ ‘ಗುಡುಗುಡಿ’ ಮತ್ತು ‘ಮನೆಯ ಮಾಳಿಗೆ’ ಪದಗಳು ಗಿಟಾರು, ಡ್ರಮ್ಸ್‌ಗಳ ಜಾನಪದ ರಾಕ್‌ ರೂಪದಲ್ಲಿ ಬಂದವು. ಕನ್ನಡ ಬಾರದ ಕೇಳುಗರಿಗೂ ಹಾಡು ತಲುಪಿತು. ವೇದಿಕೆಯ ರಾಕ್‌ ಪ್ರಸ್ತುತಿಯಲ್ಲಿ ಲಯ ಮತ್ತು ಪಲ್ಲವಿಗಳಿಗೆ ಒತ್ತು ಹೆಚ್ಚು. ಭಜನೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ಸಿಗುವ ವಿವರಣೆಯ ಬಿಡುವು ಅಲ್ಲಿ ಇರುವುದಿಲ್ಲ.

ಸಂಗ್ರಹ ಮತ್ತು ಅಧ್ಯಯನ

ಮಠಗಳು ಮತ್ತು ಭಜನೆ ಮೇಳಗಳು ಇಟ್ಟುಕೊಂಡ ಕೈಬರಹದ ಪದಪುಸ್ತಕಗಳು ಮೊದಲ ಆಕರಗಳು. ಕರ್ನಾಟಕ ಸರ್ಕಾರದ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ನಾಡಿನ ಎಲ್ಲ ಭಾಗಗಳ ತತ್ವಪದಗಳನ್ನು ಕೂಡಿಸಿ ಸಮಗ್ರ ತತ್ವಪದಗಳ ಸಂಪುಟಮಾಲೆಯನ್ನು ಹೊರತಂದಿದೆ. ಕಡಕೋಳ ಮಡಿವಾಳಪ್ಪ ಮತ್ತು ಅವರ ಶಿಷ್ಯರ ಕುರಿತು ಮೀನಾಕ್ಷಿ ಬಾಳಿ ಕೆಲಸ ಮಾಡಿದ್ದಾರೆ. ರಹಮತ್‌ ತರೀಕೆರೆ ‘ಕರ್ನಾಟಕದ ಸೂಫಿಗಳು’, ‘ಕರ್ನಾಟಕ ನಾಥಪಂಥ’ ಮೊದಲಾದ ಗ್ರಂಥಗಳಲ್ಲಿ ಕ್ಷೇತ್ರಕಾರ್ಯದ ಮೂಲಕ ಹಾಡುಗಳನ್ನು ಅವುಗಳ ಪಂಥಗಳ ಹಿನ್ನೆಲೆಯಲ್ಲಿಟ್ಟು ನೋಡಿದ್ದಾರೆ. ಗುಲಬರ್ಗಾ ವಿಶ್ವವಿದ್ಯಾಲಯ (1980), ಹಂಪಿಯ ಕನ್ನಡ ವಿಶ್ವವಿದ್ಯಾಲಯ (1991), ಶಿಶುನಾಳದ ತಾಲ್ಲೂಕಿನಲ್ಲೇ ಇರುವ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಈ ಕ್ಷೇತ್ರದ ಸಂಸ್ಥೆಗಳು.

ಇಂದಿನ ಸ್ಥಿತಿ

ಗಡಿಯ ಮಹಾರಾಷ್ಟ್ರ ಭಾಗದಲ್ಲಿ ಶಾಲೆ ಮತ್ತು ಕಚೇರಿಯ ಮಾತು ಮರಾಠಿ. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಕನ್ನಡ ಲಿಪಿ ಕಲಿಯದೆ ಬೆಳೆಯುವುದು ಸಾಮಾನ್ಯ. ಇಂಥವರಿಗೆ ಕನ್ನಡ ಪದ ಕಿವಿಯಿಂದ ಬರುತ್ತದೆ, ಕಣ್ಣಿನಿಂದಲ್ಲ. ಹಾಗಾಗಿ ಅರ್ಥ ಹೇಳುವ ಹಿರಿಯರನ್ನು ಬಿಟ್ಟರೆ ಅವರಿಗೆ ಬೇರೆ ಆಕರವಿಲ್ಲ.

ಹಾಡುಗಳ ವಸ್ತುಲೋಕವೂ ಬದಲಾಗಿದೆ. 1993ರ ಸೆಪ್ಟೆಂಬರ್‌ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಔಸಾ ಮತ್ತು ಉಮರ್ಗಾ ತಾಲ್ಲೂಕುಗಳನ್ನು ಹಾಳುಮಾಡಿತು. ಸಾಸ್ತೂರ ಅತಿ ಹೆಚ್ಚು ನೊಂದ ಊರುಗಳಲ್ಲಿ ಒಂದು. ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ, ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ ಇದ್ದ ಮನೆಗಳು ಕುಸಿದು ಸಾವಿರಾರು ಜನ ಸತ್ತರು. ಪುನರ್ವಸತಿಯಲ್ಲಿ ಊರುಗಳಿಗೆ ಬೇರೆ ಬಗೆಯ ಹಗುರ ಚಾವಣಿಯ ಮತ್ತು ಕಾಂಕ್ರೀಟಿನ ಮನೆಗಳು ಬಂದವು. ಮಣ್ಣಿನ ಮಾಳಿಗೆಗೆ ವರ್ಷಕ್ಕೊಮ್ಮೆ ಮಣ್ಣು ಹಾಕುವ ಕೆಲಸವನ್ನು ಕಾಣದ ತಲೆಮಾರಿಗೆ ಸೋರುವ ಮಾಳಿಗೆಯ ಸಂಕೇತವನ್ನು ವಸ್ತುವಿವರಣೆಯಿಂದ ಆರಂಭಿಸಿ ತಿಳಿಸಬೇಕಾಗಿದೆ. ಬೀಸುಕಲ್ಲು, ಮಗ್ಗ, ಎತ್ತಿನ ಬಂಡಿಗಳ ಹಾಡುಗಳಿಗೂ ಇದೇ ಮಾತು ಸಲ್ಲುತ್ತದೆ.

ಭಜನೆ ಮೇಳಗಳು ಇಂದಿಗೂ ಹಾಡುತ್ತಿವೆ. ಮೊಬೈಲ್‌ ಮತ್ತು ಯೂಟ್ಯೂಬ್‌ ಮೂಲಕ ಪದಗಳು ದೂರದವರಿಗೂ ಸಿಗುತ್ತಿವೆ. ಅಚ್ಚಾದ ಸಂಪುಟಗಳು ಮುಖ್ಯವಾಗಿ ಹಾಡುಗಳ ಪಾಠವನ್ನು ಉಳಿಸಿವೆ. ಪ್ರತಿ ಪದದ ಜೊತೆಗೆ ಹಾಡಿದವರ ಹೆಸರು, ಊರು, ಗುರುಪರಂಪರೆ, ಮಟ್ಟು, ಹಾಡಿದ ಸಂದರ್ಭ ಮತ್ತು ಅವರ ಬಾಯಿಂದಲೇ ಬಂದ ಅರ್ಥ, ಇವಿಷ್ಟನ್ನೂ ಒಟ್ಟಿಗೆ ಧ್ವನಿಮುದ್ರಿಸಿದರೆ ಮಾತ್ರ ಸಂಗ್ರಹ ಪೂರ್ಣವಾಗುತ್ತದೆ. ಗಡಿಯ ಎರಡೂ ಕಡೆಯ ಮಠ, ದರ್ಗಾ, ಮೇಳ ಮತ್ತು ವಿದ್ಯಾಸಂಸ್ಥೆಗಳು ಹಿರಿಯ ಹಾಡುಗಾರರು ಇರುವಾಗಲೇ ಕೈಗೊಳ್ಳಬೇಕಾದ ಕೆಲಸ ಇದು.